ಖಿನ್ನತೆಯ ಮಾತ್ರೆ: ಅಪಾಯ ಇರುವುದು ಎರಡು ತುದಿಗಳಲ್ಲಿ

ಖಿನ್ನತೆಗೆ ವೈದ್ಯರು ಮಾತ್ರೆ ಬರೆದುಕೊಟ್ಟರೆ ನಮ್ಮ ಮನೆಗಳಲ್ಲಿ ಮೊದಲು ಏಳುವ ಮಾತು ಒಂದೇ: ‘ಒಮ್ಮೆ ಶುರು ಮಾಡಿದರೆ ಬಿಡೋಕಾಗಲ್ಲ, ಜೀವಮಾನವಿಡೀ ನುಂಗ್ತಾ ಇರಬೇಕು.’ ಲೆಕ್ಕ ತೆಗೆದು ನೋಡಿದರೆ ನಡೆಯುತ್ತಿರುವುದು ತದ್ವಿರುದ್ಧ. ಅಮೆರಿಕದಲ್ಲಿ ಈ ಮಾತ್ರೆ ಶುರು ಮಾಡಿದ ವಯಸ್ಕರ ಕುರಿತು 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಶೇ 42ರಷ್ಟು ಮಂದಿ ಮೊದಲ 30 ದಿನಗಳಲ್ಲೇ ಬಿಟ್ಟುಬಿಟ್ಟಿದ್ದರು. 90 ದಿನ ದಾಟಿದ ಮೇಲೂ ಮುಂದುವರಿಸಿದವರು ಶೇ 28ರಷ್ಟು ಮಾತ್ರ. ಇನ್ನೊಂದು ಬಗೆಯವರೂ ಇದ್ದಾರೆ. ಯಾವತ್ತೋ ಬರೆಸಿದ ಹಳೆಯ ಚೀಟಿ ಹಿಡಿದು, ಕೆಲವೊಮ್ಮೆ ಖಾಲಿ ಸ್ಟ್ರಿಪ್ ತೋರಿಸಿಯೇ, ಮೆಡಿಕಲ್ ಶಾಪ್‌ನಿಂದ ವರ್ಷಗಟ್ಟಲೆ ಅದೇ ಮಾತ್ರೆ ತರಿಸಿಕೊಳ್ಳುವವರು. ಬೇಗ ಬಿಟ್ಟವರಿಗೂ ಬಿಡದೆ ಉಳಿದವರಿಗೂ ಇರುವ ಕೊರತೆ ಒಂದೇ: ಮಾತ್ರೆ ಕೊಟ್ಟ ಮೇಲೆ ಅವರನ್ನು ಯಾರೂ ಮತ್ತೆ ನೋಡಿಲ್ಲ. ಈ ಔಷಧಗಳಿಂದ ಆಗುವ ಹಾನಿಯ ದೊಡ್ಡ ಪಾಲು ಶುರುವಿನ ಕೆಲವು ವಾರಗಳಲ್ಲಿ, ಬಿಡುವ ಹೊತ್ತಿನ ಕೆಲವು ವಾರಗಳಲ್ಲಿ, ನಡುವೆ ಬೇರೆ ಮಾತ್ರೆಯೊಂದು ಬಂದು ಸೇರಿಕೊಂಡಾಗ ಆಗುತ್ತದೆ. ಜನ ಒಂಟಿಯಾಗಿರುವುದೂ ಸರಿಯಾಗಿ ಆಗಲೇ. ಆದ್ದರಿಂದ ‘ಈ ಮಾತ್ರೆ ಒಳ್ಳೆಯದೋ ಕೆಟ್ಟದ್ದೋ’ ಎಂಬ ಚರ್ಚೆಗಿಂತ ‘ಮತ್ತೆ ಯಾವಾಗ ಬರಲಿ’ ಎಂಬ ಪ್ರಶ್ನೆ ಮುಖ್ಯ ಎಂಬುದು ಈ ಲೇಖನದ ವಾದ.

ಮೊದಲ ತುದಿಯನ್ನು ನೋಡೋಣ. ಎಸಿಟಲೊಪ್ರಾಮ್, ಸರ್ಟ್ರಲೈನ್, ಫ್ಲುಆಕ್ಸೆಟಿನ್ ಇವತ್ತು ಹೆಚ್ಚಾಗಿ ಬರೆದುಕೊಡುವ ಮಾತ್ರೆಗಳು, ಮೂರೂ ಒಂದೇ ಗುಂಪಿನವು. ನರಕೋಶಗಳ ನಡುವೆ ಬಿಡುಗಡೆಯಾದ ಸೆರೊಟೋನಿನ್ ಮರಳಿ ಒಳಗೆ ಹೀರಿಹೋಗದಂತೆ ತಡೆಯುವುದು ಇವುಗಳ ಕೆಲಸ. ಆ ತಡೆ ಮೊದಲ ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಶುರುವಾಗುತ್ತದೆ. ಆದರೆ ಮನಸ್ಸು ತುಸು ಹಗುರಾಗಲು ಎರಡರಿಂದ ನಾಲ್ಕು ವಾರ, ಪೂರ್ತಿ ಗುಣ ಕಾಣಲು ಆರರಿಂದ ಎಂಟು ವಾರ ಬೇಕು. ಅಡ್ಡಪರಿಣಾಮಗಳು ಅಷ್ಟು ಹೊತ್ತು ಕಾಯುವುದಿಲ್ಲ. ಹೊಟ್ಟೆ ತೊಳಸುವುದು, ತಲೆನೋವು, ಬಾಯಿ ಒಣಗುವುದು, ನಿದ್ದೆ ಹಾರಿಹೋಗುವುದು ಇಲ್ಲವೇ ಹಗಲೆಲ್ಲ ಮಂಪರು, ಒಳಗೊಳಗೇ ಚಡಪಡಿಕೆ ಎಲ್ಲವೂ ಮೊದಲ ವಾರವೇ ಹಾಜರಾಗುತ್ತವೆ. ಮೊದಲೇ ಬದುಕು ಭಾರವಾಗಿರುವ ಮನುಷ್ಯನಿಗೆ ತೊಂದರೆ ಮುಂಚೆ, ಗುಣ ಆಮೇಲೆ ಬಂದರೆ ಮಾತ್ರೆ ಡಬ್ಬಿ ಮೂಲೆ ಸೇರುವುದು ಸಹಜವೇ. ಈ ತೊಂದರೆಗಳಲ್ಲಿ ಹೆಚ್ಚಿನವು ಒಂದೆರಡು ವಾರದಲ್ಲಿ ಇಳಿಯುತ್ತವೆ. ಊಟದ ಜೊತೆ ತೆಗೆದುಕೊಂಡರೆ ಹೊಟ್ಟೆ ತೊಳಸು ಕಡಿಮೆ, ನಿದ್ದೆ ಕೆಡಿಸುವ ಮಾತ್ರೆಯನ್ನು ಬೆಳಿಗ್ಗೆಗೂ ಮಂಪರು ತರಿಸುವುದನ್ನು ರಾತ್ರಿಗೂ ಬದಲಿಸಬಹುದು. ಇಷ್ಟನ್ನು ಹೇಳಲು ಎರಡು ನಿಮಿಷ ಸಾಕು. ಕಿಕ್ಕಿರಿದ ಹೊರರೋಗಿ ವಿಭಾಗದಲ್ಲಿ ಆ ಎರಡು ನಿಮಿಷವೇ ದುಬಾರಿ.

ತಾನಾಗಿ ಇಳಿಯದ, ಯಾರೂ ಬಾಯಿಬಿಟ್ಟು ಹೇಳದ ತೊಂದರೆಯೊಂದಿದೆ. ಲೈಂಗಿಕ ಆಸಕ್ತಿ ಕುಗ್ಗುವುದು, ಪರಾಕಾಷ್ಠೆ ತಡವಾಗುವುದು ಅಥವಾ ಆಗದೇ ಇರುವುದು ಈ ಗುಂಪಿನ ಮಾತ್ರೆಗಳಲ್ಲಿ ಸಾಮಾನ್ಯ. ನಮ್ಮಲ್ಲಿ ರೋಗಿ ಹೇಳುವುದಿಲ್ಲ, ವೈದ್ಯರು ಕೇಳುವುದಿಲ್ಲ. ಹೆಂಡತಿಯೋ ಗಂಡನೋ ಜೊತೆಗೇ ಕೂತಿರುವಾಗ ಕೇಳಿದರೂ ಉತ್ತರ ಬರುವುದಿಲ್ಲ. ಕೊನೆಗೆ ‘ಮಾತ್ರೆ ಹೀಟಾಯ್ತು, ಬಿಟ್ಟೆ’ ಎಂಬ ಒಂದು ವಾಕ್ಯದಲ್ಲಿ ಎಲ್ಲ ಮುಚ್ಚಿಹೋಗುತ್ತದೆ. ಡೋಸ್ ತಗ್ಗಿಸುವುದು, ಈ ತೊಂದರೆ ಕಡಿಮೆ ಇರುವ ಮಿರ್ಟಜಪಿನ್ ಅಥವಾ ಬುಪ್ರೊಪಿಯಾನ್‌ನಂಥ ಬೇರೆ ಮಾತ್ರೆಗೆ ಹೋಗುವುದು, ಇವೆರಡೂ ಸಾಧ್ಯ. ಹೇಳಿದರೆ ಮಾತ್ರ.

ಶುರುವಿನ ವಾರಗಳಲ್ಲಿ ನಿಜಕ್ಕೂ ಹೆದರಬೇಕಾದ ಸಂಗತಿ ಬೇರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲಿ ಖಿನ್ನತೆ ನಿವಾರಕಗಳ ಮೇಲೆ ತನ್ನ ಅತಿ ಕಠಿಣ ಎಚ್ಚರಿಕೆಯನ್ನು ಅಚ್ಚು ಮಾಡಿಸಿತು. ಮಕ್ಕಳು ಮತ್ತು ಹದಿಹರೆಯದವರ ಮೇಲೆ ನಡೆದ 24 ಪ್ರಯೋಗಗಳನ್ನು, 4,400ಕ್ಕೂ ಹೆಚ್ಚು ಮಂದಿಯ ದಾಖಲೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಆತ್ಮಹತ್ಯೆಯ ಯೋಚನೆ ಅಥವಾ ನಡವಳಿಕೆ ಹುಸಿಮಾತ್ರೆ ಪಡೆದವರಲ್ಲಿ ಶೇ 2 ಇದ್ದರೆ, ನಿಜ ಮಾತ್ರೆ ಪಡೆದವರಲ್ಲಿ ಶೇ 4 ಇತ್ತು. ಆ ಪ್ರಯೋಗಗಳಲ್ಲಿ ಒಬ್ಬರೂ ಪ್ರಾಣ ಕಳೆದುಕೊಂಡಿರಲಿಲ್ಲ. 2007ರಲ್ಲಿ ಎಚ್ಚರಿಕೆಯನ್ನು 24 ವರ್ಷದವರೆಗೆ ವಿಸ್ತರಿಸಲಾಯಿತು. ಅದಕ್ಕೆ ಮೇಲ್ಪಟ್ಟವರಲ್ಲಿ ಈ ಹೆಚ್ಚಳ ಕಾಣಲಿಲ್ಲ, 65 ದಾಟಿದವರಲ್ಲಿ ಅಪಾಯ ಕಡಿಮೆಯೇ ಆಗಿತ್ತು. ಈ ಅಂಕಿಗಳನ್ನು ಓದಿ ‘ಹಾಗಾದರೆ ಮಕ್ಕಳಿಗೆ ಬೇಡವೇ ಬೇಡ’ ಎನ್ನುವುದು ಆತುರದ ತೀರ್ಮಾನ. ಚಿಕಿತ್ಸೆ ಸಿಗದ ಖಿನ್ನತೆಯೇ ಜೀವಕ್ಕೆ ಎರವಾಗಬಲ್ಲದು. ಅಂಕಿಗಳು ಕೇಳುತ್ತಿರುವುದು ಕಾವಲನ್ನು. ಮಾತ್ರೆ ಶುರುವಾದಾಗ, ಡೋಸ್ ಬದಲಾದಾಗ, ಮನೆಯವರು ಮಗ ಅಥವಾ ಮಗಳು ಕೂತಲ್ಲಿ ಕೂರಲಾಗದೆ ಶತಪಥ ಹಾಕುತ್ತಿದ್ದಾರೆಯೇ, ಇದ್ದಕ್ಕಿದ್ದಂತೆ ಸಿಡುಕುತ್ತಿದ್ದಾರೆಯೇ, ಸಾಯುವ ಮಾತಾಡುತ್ತಿದ್ದಾರೆಯೇ ಎಂದು ನೋಡುತ್ತಿರಬೇಕು. ಹಾಗೆ ಕಂಡರೆ ಮುಂದಿನ ತಿಂಗಳ ದಿನಾಂಕಕ್ಕೆ ಕಾಯದೆ ಅವತ್ತೇ ವೈದ್ಯರನ್ನು ಕಾಣಬೇಕು. ಇಂಥ ದಿನಗಳಲ್ಲಿ ಮಾತ್ರೆ ಡಬ್ಬಿ ಮನೆಯ ಹಿರಿಯರ ಕೈಯಲ್ಲಿರುವುದು ಒಳ್ಳೆಯದು. ಮೈಗ್ರೇನ್ ಮತ್ತು ನರದ ನೋವಿಗೂ ಕೊಡುವ ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಮಾತ್ರೆಗಳು ಮಿತಿ ಮೀರಿದರೆ ಹೃದಯಕ್ಕೆ ಅಪಾಯಕಾರಿ. ಅದಕ್ಕೇ ಜಾಗರೂಕ ವೈದ್ಯರು ಮೊದಮೊದಲು ಒಂದೆರಡು ವಾರಕ್ಕೆ ಸಾಕಾಗುವಷ್ಟೇ ಬರೆಯುತ್ತಾರೆ. ಅದನ್ನು ಕಂಜೂಸುತನ ಎಂದುಕೊಳ್ಳಬಾರದು.

ಮೊದಲ ಚೀಟಿ ಬರೆಯುವ ಮುನ್ನ ಕೇಳಲೇಬೇಕಾದ, ಆದರೆ ಅವಸರದಲ್ಲಿ ಬಿಟ್ಟುಹೋಗುವ ಪ್ರಶ್ನೆಯೊಂದಿದೆ. ಹಿಂದೆ ಎಂದಾದರೂ ನಿದ್ದೆಯೇ ಬೇಡವೆನ್ನಿಸುವಷ್ಟು ಹುರುಪು, ಬಾಯಿ ನಿಲ್ಲದ ಮಾತು, ಲಂಗುಲಗಾಮಿಲ್ಲದ ಖರ್ಚು, ದೊಡ್ಡ ದೊಡ್ಡ ಯೋಜನೆಗಳು ಹೀಗೆ ಕೆಲವು ದಿನ ಕಳೆದಿವೆಯೇ? ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಹಾಗಿತ್ತೇ? ಹೌದಾದರೆ ಇದು ಬೈಪೋಲಾರ್ ಕಾಯಿಲೆಯ ಖಿನ್ನತೆಯ ಮುಖವಾಗಿರಬಹುದು. ಅಲ್ಲಿ ಖಿನ್ನತೆ ನಿವಾರಕವನ್ನು ಒಂಟಿಯಾಗಿ ಕೊಟ್ಟರೆ ಮನಸ್ಸು ಉನ್ಮಾದಕ್ಕೆ ಜಿಗಿಯಬಲ್ಲದು. ರೋಗಿಗೆ ಆ ಹುರುಪಿನ ದಿನಗಳು ಕಾಯಿಲೆಯಾಗಿ ನೆನಪಿರುವುದಿಲ್ಲ, ಚೆನ್ನಾಗಿದ್ದ ದಿನಗಳಾಗಿ ನೆನಪಿರುತ್ತವೆ. ಹಾಗಾಗಿ ಮನೆಯವರ ಮಾತು ಇಲ್ಲಿ ರಕ್ತಪರೀಕ್ಷೆಯ ವರದಿಯಷ್ಟೇ ಬೆಲೆಯುಳ್ಳದ್ದು.

ಇನ್ನು ಬೆರಕೆಯ ವಿಷಯ. ಮನೋವೈದ್ಯರ ಮುಂದೆ ಕೂತಾಗ ಮಂಡಿನೋವಿನ ಮಾತ್ರೆ ನೆನಪಾಗುವುದಿಲ್ಲ. ಮೂಳೆ ವೈದ್ಯರ ಮುಂದೆ ಮನಸ್ಸಿನ ಮಾತ್ರೆಯ ಹೆಸರೆತ್ತಲು ಸಂಕೋಚ. ರಕ್ತ ಹೆಪ್ಪುಗಟ್ಟಿಸುವ ಕಿರುಬಿಲ್ಲೆಗಳಿಗೂ ಸೆರೊಟೋನಿನ್ ಬೇಕು. ಎಸಿಟಲೊಪ್ರಾಮ್‌ನಂಥ ಮಾತ್ರೆಗಳು ಅಲ್ಲಿಯೂ ಅದರ ದಾಸ್ತಾನನ್ನು ತಗ್ಗಿಸುತ್ತವೆ. ಡೈಕ್ಲೊಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್ ಹೊಟ್ಟೆಯ ಒಳಪದರವನ್ನು ಕೆರೆಯುತ್ತವೆ. ಎರಡೂ ಕೂಡಿದಾಗ ಹೊಟ್ಟೆಯೊಳಗಿನ ರಕ್ತಸ್ರಾವದ ಸಾಧ್ಯತೆ ಏರುತ್ತದೆ. ಡಾಂಬರಿನಂತೆ ಕಪ್ಪಗಾದ ಮಲ ಅದರ ಗುರುತು. ಸಾಧಾರಣ ಮೈಕೈನೋವಿಗೆ ಪ್ಯಾರಾಸಿಟಮಾಲ್ ಈ ದೃಷ್ಟಿಯಿಂದ ವಾಸಿ. ವಯಸ್ಸಾದವರಲ್ಲಿ ಇನ್ನೊಂದು ತೊಡಕು ಉಂಟು: ಈ ಮಾತ್ರೆಗಳಿಂದ ರಕ್ತದ ಸೋಡಿಯಂ ಇಳಿಯಬಹುದು. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಯೂ ಜೊತೆಗಿದ್ದರೆ ಸಾಧ್ಯತೆ ಇನ್ನೂ ಹೆಚ್ಚು. ಹೆಸರಿನ ಕೊನೆಗೆ ‘ಎಚ್’ ಅಕ್ಷರವಿರುವ ಹಲವು ಬಿಪಿ ಮಾತ್ರೆಗಳಲ್ಲಿ ಹೈಡ್ರೊಕ್ಲೋರೊಥಯಾಜೈಡ್ ಎಂಬ ಅಂಥ ಔಷಧ ಸೇರಿರುತ್ತದೆ. ಅಜ್ಜಿಗೆ ಮರೆವು ಶುರುವಾಯಿತು, ತಾತ ತಲೆಸುತ್ತಿ ಬಿದ್ದರು ಎಂದು ವಯಸ್ಸಿನ ಮೇಲೆ ಹೊರಿಸುವ ಕೆಲವು ಪ್ರಕರಣಗಳ ಹಿಂದೆ ಈ ಸೋಡಿಯಂ ಕುಸಿತವಿರುತ್ತದೆ. ಮಾತ್ರೆ ಶುರುವಾದ ಮೊದಲ ತಿಂಗಳೊಳಗೆ ಮಾಡಿಸುವ ಸಣ್ಣ ರಕ್ತಪರೀಕ್ಷೆಯಲ್ಲಿ ಅದು ಸಿಕ್ಕಿಬೀಳುತ್ತದೆ.

ಅಪರೂಪವಾದರೂ ತುರ್ತಾದ ಬೆರಕೆಯೆಂದರೆ ಸೆರೊಟೋನಿನ್ ಅತಿಯಾಗುವುದು. ನೋವಿನ ಟ್ರಮಡಾಲ್, ಒಣಕೆಮ್ಮಿನ ಸಿರಪ್‌ಗಳಲ್ಲಿರುವ ಡೆಕ್ಸ್ಟ್ರೊಮೆಥಾರ್ಫಾನ್, ಆನ್‌ಲೈನ್‌ನಲ್ಲಿ ಗಿಡಮೂಲಿಕೆ ಎಂದು ಮಾರುವ ಸೇಂಟ್ ಜಾನ್ಸ್ ವರ್ಟ್, ಔಷಧಕ್ಕೆ ಬಗ್ಗದ ಕ್ಷಯಕ್ಕೆ ಕೊಡುವ ಲಿನೆಜೋಲಿಡ್ ಇವು ಅದಕ್ಕೆ ಕಾರಣವಾಗಬಲ್ಲವು. ಬೆವರು, ನಡುಕ, ಜ್ವರ, ಭೇದಿ, ಬಿಗಿಯಾದ ಸ್ನಾಯು, ಗೊಂದಲ ಒಟ್ಟಿಗೆ ಬಂದರೆ ನೇರ ಆಸ್ಪತ್ರೆಗೆ ಹೋಗಬೇಕು. ಕ್ಷಯದ ಮಾತು ಬಂದದ್ದಕ್ಕೆ ಒಂದು ಸಂಗತಿ: ಖಿನ್ನತೆ ನಿವಾರಕಗಳ ಚರಿತ್ರೆ ಶುರುವಾದದ್ದೇ ಕ್ಷಯದಿಂದ. 1952ರ ಸುಮಾರಿಗೆ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಐಪ್ರೊನಿಯಾಜಿಡ್ ಎಂಬ ಕ್ಷಯದ ಮಾತ್ರೆ ಪಡೆದ ರೋಗಿಗಳು ಅಸಹಜವೆನ್ನುವಷ್ಟು ಉಲ್ಲಾಸದಿಂದಿದ್ದುದನ್ನು ವೈದ್ಯರು ಗಮನಿಸಿದ್ದರು. ಅದು ಮೆದುಳಿನಲ್ಲಿ ತಡೆಯುತ್ತಿದ್ದ ಕಿಣ್ವವನ್ನೇ ಇವತ್ತಿನ ಲಿನೆಜೋಲಿಡ್ ಕೂಡ ಸ್ವಲ್ಪಮಟ್ಟಿಗೆ ತಡೆಯುತ್ತದೆ. ಈ ಬೆರಕೆ ಕೂಡದಿರುವುದು ಅದಕ್ಕೇ. ಇನ್ನು ಮದ್ಯ: ಮಂಪರನ್ನೂ ಖಿನ್ನತೆಯನ್ನೂ ಎರಡನ್ನೂ ಹೆಚ್ಚಿಸುವುದರಿಂದ ದೂರವಿಡುವುದೇ ಸರಿ.

‘ಅಭ್ಯಾಸವಾಗಿಬಿಡುತ್ತೆ’ ಎಂಬ ಭಯಕ್ಕೆ ಬರೋಣ. ಅದು ಪೂರ್ತಿ ಸುಳ್ಳಲ್ಲ, ಆದರೆ ಗುರಿ ತಪ್ಪಿದೆ. ನಮ್ಮ ದೇಶದ ಮಾರುಕಟ್ಟೆಯಲ್ಲಿ ಎಸಿಟಲೊಪ್ರಾಮ್ ಜೊತೆ ಕ್ಲೊನಜೆಪಾಮ್ ಸೇರಿಸಿದ ಒಂದೇ ಮಾತ್ರೆ ಧಾರಾಳವಾಗಿ ಸಿಗುತ್ತದೆ. ಮೊದಲಿನದು ವಾರಗಳ ನಂತರ ಕೆಲಸ ತೋರಿಸುತ್ತದೆ. ಎರಡನೆಯದು ಅರ್ಧ ಒಂದು ಗಂಟೆಯಲ್ಲೇ ಎದೆಬಡಿತ ಇಳಿಸಿ ನಿದ್ದೆ ಬರಿಸುತ್ತದೆ. ರೋಗಿಗೆ ‘ಒಳ್ಳೇ ಮಾತ್ರೆ’ ಎನ್ನಿಸುವುದು ಆ ಎರಡನೆಯದರಿಂದ. ವಾರಗಟ್ಟಲೆ ತೆಗೆದುಕೊಂಡರೆ ಅವಲಂಬನೆ ಬೆಳೆಸುವುದೂ, ಥಟ್ಟನೆ ನಿಲ್ಲಿಸಿದರೆ ನಿದ್ದೆಗೆಡಿಸಿ ಕೆಲವೊಮ್ಮೆ ಫಿಟ್ಸ್ ತರಿಸುವುದೂ ಅದೇ. ಖಿನ್ನತೆ ನಿವಾರಕದ ಸ್ವಭಾವ ಬೇರೆ. ಅದು ಅಮಲು ಕೊಡುವುದಿಲ್ಲ, ಇನ್ನಷ್ಟು ಬೇಕೆಂಬ ಚಪಲ ಹುಟ್ಟಿಸುವುದಿಲ್ಲ. ಎರಡನ್ನೂ ಒಂದೇ ಮಾತ್ರೆಯಲ್ಲಿ ಅಡಕಿ ಕೊಟ್ಟಾಗ ಒಂದರ ಅಪವಾದ ಇನ್ನೊಂದಕ್ಕೆ ಮೆತ್ತಿಕೊಂಡಿದೆ. ಇದಕ್ಕಿಂತ ಕೆಟ್ಟ ಪರಿಣಾಮವೆಂದರೆ ಒಂದನ್ನು ತಿಂಗಳುಗಟ್ಟಲೆ ಮುಂದುವರಿಸಿ ಇನ್ನೊಂದನ್ನು ಎರಡು ಮೂರು ವಾರದಲ್ಲಿ ಇಳಿಸುವ ಅವಕಾಶವೇ ವೈದ್ಯರಿಗೆ ಇಲ್ಲವಾಗುತ್ತದೆ. ಆತಂಕ ತೀವ್ರವಾಗಿರುವ ಮೊದಲ ದಿನಗಳಿಗೆ ಕ್ಲೊನಜೆಪಾಮ್ ಉಪಯುಕ್ತ, ನಿಜ. ಹಾಗಿದ್ದರೆ ಬೇರೆಬೇರೆ ಮಾತ್ರೆಯಾಗಿ ಬರೆಯಲು ಅಡ್ಡಿಯೇನು? ನಿಮ್ಮ ಸ್ಟ್ರಿಪ್ಪಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಎರಡು ಔಷಧಗಳ ಹೆಸರಿದ್ದರೆ ಎರಡನೆಯದು ಯಾವುದಕ್ಕೆ, ಎಲ್ಲಿಯವರೆಗೆ ಎಂದು ಕೇಳುವ ಹಕ್ಕು ನಿಮಗಿದೆ.

ಆದರೂ ಖಿನ್ನತೆ ನಿವಾರಕವನ್ನು ಬಿಡುವುದು ಸಲೀಸು ಎಂದು ಹೇಳಿದರೆ ಅದೂ ತಪ್ಪಾಗುತ್ತದೆ. ವೈದ್ಯಲೋಕವೇ ಬಹುಕಾಲ ಇದನ್ನು ಹಗುರವಾಗಿ ಕಂಡಿತ್ತು. ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ 2024ರಲ್ಲಿ ಬಂದ ದೊಡ್ಡ ವಿಶ್ಲೇಷಣೆಯ ಪ್ರಕಾರ, ಮಾತ್ರೆ ನಿಲ್ಲಿಸಿದವರಲ್ಲಿ ಸುಮಾರು ಶೇ 31 ಮಂದಿಗೆ ಒಂದಲ್ಲ ಒಂದು ತೊಂದರೆ ಕಾಣಿಸಿಕೊಳ್ಳುತ್ತದೆ. ಹುಸಿಮಾತ್ರೆ ನಿಲ್ಲಿಸಿದವರಲ್ಲೂ ಶೇ 17 ಮಂದಿಗೆ ಕಾಣಿಸಿಕೊಂಡಿತ್ತಾದ್ದರಿಂದ, ಮಾತ್ರೆಯ ಲೆಕ್ಕಕ್ಕೆ ಸೇರಿಸಬೇಕಾದ್ದು ಆರೇಳು ಜನರಲ್ಲಿ ಒಬ್ಬರ ತೊಂದರೆ. ತೀವ್ರವಾಗಿ ಬಳಲುವವರು ಸುಮಾರು 35ರಲ್ಲಿ ಒಬ್ಬರು. ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ, ಕೆಟ್ಟ ಕನಸು, ಸಿಡುಕು, ಕಾರಣವಿಲ್ಲದ ಅಳು ಇವು ಸಾಮಾನ್ಯ. ದೇಹದಿಂದ ಬೇಗ ಹೊರಹೋಗುವ ವೆನ್ಲಾಫ್ಯಾಕ್ಸಿನ್, ಪ್ಯಾರಾಕ್ಸೆಟಿನ್‌ಗಳಲ್ಲಿ ಇವು ಹೆಚ್ಚು. ವಾರಗಟ್ಟಲೆ ಮೈಯಲ್ಲಿ ಉಳಿಯುವ ಫ್ಲುಆಕ್ಸೆಟಿನ್‌ನಲ್ಲಿ ಕಡಿಮೆ. ಇಲ್ಲಿ ಜನ ಮೋಸಹೋಗುವ ಜಾಗವೊಂದಿದೆ. ಮಾತ್ರೆ ಬಿಟ್ಟ ಮೂರನೇ ದಿನ ತಲೆಸುತ್ತಿ ಅಳು ಬಂದರೆ ‘ಕಾಯಿಲೆ ವಾಪಸ್ ಬಂತು’ ಅಂದುಕೊಳ್ಳುತ್ತಾರೆ, ಇಲ್ಲವೇ ‘ನೋಡಿ, ಚಟ ಹತ್ತಿದೆ’ ಅನ್ನುತ್ತಾರೆ. ಬಿಟ್ಟ ಕೆಲವೇ ದಿನಗಳಲ್ಲಿ, ತಲೆಸುತ್ತಿನಂಥ ಹೊಸ ಲಕ್ಷಣಗಳೊಂದಿಗೆ ಬರುವುದು ಸಾಮಾನ್ಯವಾಗಿ ಮಾತ್ರೆ ನಿಂತದ್ದರ ಪರಿಣಾಮ. ವಾರಗಳೋ ತಿಂಗಳೋ ಕಳೆದ ಮೇಲೆ ಹಳೆಯ ನಿರಾಸೆ ಮೆಲ್ಲಮೆಲ್ಲನೆ ಕವಿಯುವುದು ಮರುಕಳಿಕೆ. ಎರಡಕ್ಕೂ ಮದ್ದು ಬೇರೆ.

ಹೇಗೆ ಇಳಿಸಬೇಕು ಎಂಬುದರ ಹಿಂದೆ ಒಂದು ಗಣಿತವಿದೆ. ಎಸಿಟಲೊಪ್ರಾಮ್‌ನ ಹತ್ತಿರದ ಸಂಬಂಧಿಯಾದ ಸಿಟಲೊಪ್ರಾಮ್ ಕುರಿತ ಮೆದುಳಿನ ಚಿತ್ರಣ ಅಧ್ಯಯನಗಳ ಆಧಾರದ ಮೇಲೆ ಮಾರ್ಕ್ ಹೊರೊವಿಟ್ಜ್ ಮತ್ತು ಡೇವಿಡ್ ಟೇಲರ್ 2019ರಲ್ಲಿ ಇದನ್ನು ತೋರಿಸಿದರು. 40 ಮಿಲಿಗ್ರಾಂ ಡೋಸ್ ಸೆರೊಟೋನಿನ್ ಸಾಗಿಸುವ ದಾರಿಗಳಲ್ಲಿ ಸುಮಾರು ಶೇ 86ನ್ನು ಮುಚ್ಚುತ್ತದೆ. ಅದನ್ನು 20ಕ್ಕೆ ಇಳಿಸಿದರೂ ಸುಮಾರು ಶೇ 80 ಮುಚ್ಚಿಯೇ ಇರುತ್ತವೆ. ಆದರೆ 20ರಿಂದ ಸೊನ್ನೆಗೆ ಹೋದರೆ ಆ 80 ಒಮ್ಮೆಲೇ ತೆರೆದುಕೊಳ್ಳುತ್ತವೆ. ಮೇಲಿನ ಮೆಟ್ಟಿಲುಗಳು ಗಿಡ್ಡ, ಕೊನೆಯದು ಆಳುದ್ದ. ‘ಅರ್ಧ ಮಾಡಿದೆ, ಏನೂ ಆಗಲಿಲ್ಲ, ಪೂರ್ತಿ ಬಿಟ್ಟೆ, ಎಲ್ಲ ಕೆಟ್ಟಿತು’ ಎಂಬ ದೂರಿಗೆ ಕಾರಣ ಇದು. ತಿಂಗಳುಗಟ್ಟಲೆ ತೆಗೆದುಕೊಂಡವರು ಕೊನೆಯ ಹಂತವನ್ನು ಇನ್ನಷ್ಟು ಸಣ್ಣ ಸಣ್ಣ ಡೋಸ್‌ಗಳಲ್ಲಿ, ವಾರಗಳ ಅಥವಾ ತಿಂಗಳುಗಳ ಅಂತರದಲ್ಲಿ, ವೈದ್ಯರ ಜೊತೆ ಮಾತಾಡಿಕೊಂಡು ಇಳಿಯಬೇಕು. ಒಂದು ದಿನ ಬಿಟ್ಟು ಒಂದು ದಿನ ನುಂಗುವ ನಮ್ಮ ರೂಢಿಯ ಉಪಾಯ ಬೇಗ ಹೊರಹೋಗುವ ಮಾತ್ರೆಗಳಿಗೆ ಹೊಂದುವುದಿಲ್ಲ. ರಕ್ತದಲ್ಲಿ ಔಷಧದ ಮಟ್ಟ ದಿನದಿನವೂ ಏರಿಳಿಯುತ್ತದೆ ಅಷ್ಟೆ. ಗರ್ಭಿಣಿಯೆಂದು ತಿಳಿದ ದಿನವೇ ಹೆದರಿ ಮಾತ್ರೆ ಎಸೆಯುವುದೂ ಸರಿಯಲ್ಲ. ಪ್ಯಾರಾಕ್ಸೆಟಿನ್ ಅನ್ನು ಗರ್ಭದ ಮೊದಲ ತಿಂಗಳುಗಳಲ್ಲಿ ಸಾಮಾನ್ಯವಾಗಿ ತಪ್ಪಿಸುತ್ತಾರೆ. ಸರ್ಟ್ರಲೈನ್ ಅನ್ನು ಹಾಲೂಡುವ ತಾಯಂದಿರಿಗೂ ಕೊಡುವುದುಂಟು. ತೀರ್ಮಾನ ತಾಯಿಯ ಕಾಯಿಲೆಯ ತೀವ್ರತೆಯನ್ನೂ ತೂಗಿ ಆಗಬೇಕು.

ಯಾವಾಗ ಬಿಡಬೇಕು ಎಂಬುದಕ್ಕೂ ಪುರಾವೆಗಳಿವೆ. 31 ಪ್ರಯೋಗಗಳನ್ನು ಒಟ್ಟುಗೂಡಿಸಿ 2003ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಮಾತ್ರೆ ಮುಂದುವರಿಸಿದವರಲ್ಲಿ ಶೇ 18, ನಿಲ್ಲಿಸಿದವರಲ್ಲಿ ಶೇ 41 ಮಂದಿಗೆ ಖಿನ್ನತೆ ಮರುಕಳಿಸಿತ್ತು. ಬ್ರಿಟನ್ನಿನಲ್ಲಿ ದೀರ್ಘಕಾಲ ಮಾತ್ರೆ ತೆಗೆದುಕೊಂಡು ಈಗ ಚೆನ್ನಾಗಿದ್ದೇವೆ ಎಂದ 478 ಮಂದಿಯ ಮೇಲೆ ನಡೆದ, 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಿಲ್ಲಿಸಿದವರಲ್ಲಿ ಶೇ 56, ಮುಂದುವರಿಸಿದವರಲ್ಲಿ ಶೇ 39 ಮಂದಿಗೆ ಒಂದು ವರ್ಷದೊಳಗೆ ಮರುಕಳಿಕೆಯಾಯಿತು. ಮುಂದುವರಿಸಿಯೂ ಮರುಕಳಿಸುತ್ತದೆ, ಬಿಟ್ಟೂ ಚೆನ್ನಾಗಿರುವವರಿದ್ದಾರೆ ಎಂಬ ಎರಡು ಮಾತೂ ಈ ಅಂಕಿಗಳಲ್ಲಿವೆ. ಅದಕ್ಕೇ ಸಾಮಾನ್ಯ ಸಲಹೆ, ಮೊದಲ ಬಾರಿ ಬಂದ ಖಿನ್ನತೆಯಲ್ಲಿ ಪೂರ್ತಿ ಗುಣವಾದ ಮೇಲೂ ಆರರಿಂದ ಒಂಬತ್ತು ತಿಂಗಳು, ಮತ್ತೆ ಮತ್ತೆ ಬಂದವರಲ್ಲಿ ಎರಡು ವರ್ಷವೋ ಅದಕ್ಕಿಂತ ಹೆಚ್ಚೋ. ‘ಚೆನ್ನಾಗಿದ್ದೇನೆ’ ಎಂಬ ದಿನದಿಂದ ಎಣಿಕೆ ಶುರುವಾಗುತ್ತದೆ, ನಮ್ಮವರು ಮಾತ್ರೆ ಬಿಡುವುದು ಅವತ್ತೇ.

ಇಷ್ಟೆಲ್ಲ ಕೇಳಿದವರು ಎತ್ತಬಹುದಾದ ಗಟ್ಟಿಯಾದ ಆಕ್ಷೇಪವೊಂದಿದೆ. ಖಿನ್ನತೆಗೆ ಸೆರೊಟೋನಿನ್ ಕೊರತೆಯೇ ಕಾರಣ ಎಂಬುದಕ್ಕೆ ಸುಸಂಗತ ಪುರಾವೆಯಿಲ್ಲ ಎಂದು ಜೊವಾನಾ ಮಾನ್‌ಕ್ರೀಫ್ ಮತ್ತು ಸಂಗಡಿಗರು 2022ರಲ್ಲಿ ವಾದಿಸಿದರು, ಹಾಗಿದ್ದರೆ ಮಾತ್ರೆಯೇಕೆ? ಕೊರತೆಯ ಕಥೆ ಅತಿ ಸರಳ ಎಂಬುದನ್ನು ಒಪ್ಪಬೇಕು. ಆದರೆ ಔಷಧ ಕೆಲಸ ಮಾಡುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಪ್ಯಾರಾಸಿಟಮಾಲ್‌ಗೆ ತಲೆನೋವು ಇಳಿಯಿತೆಂದು ತಲೆನೋವಿಗೆ ಕಾರಣ ಪ್ಯಾರಾಸಿಟಮಾಲ್ ಕೊರತೆ ಎಂದು ಯಾರೂ ಹೇಳುವುದಿಲ್ಲ. 522 ಪ್ರಯೋಗಗಳು, 1,16,477 ರೋಗಿಗಳನ್ನು ಒಳಗೊಂಡ 2018ರ ಲ್ಯಾನ್ಸೆಟ್ ವಿಶ್ಲೇಷಣೆಯಲ್ಲಿ 21 ಖಿನ್ನತೆ ನಿವಾರಕಗಳೂ ಹುಸಿಮಾತ್ರೆಗಿಂತ ಮೇಲಾಗಿದ್ದವು. ಆ ಅಂತರ ದೊಡ್ಡದೇನಲ್ಲ, ಸಾಧಾರಣ. ಈ ಸಾಧಾರಣತೆಯನ್ನು ಗಂಭೀರವಾಗಿ ತೆಗೆದುಕೊಂಡೇ ಬ್ರಿಟನ್ನಿನ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ಸೌಮ್ಯ ಸ್ವರೂಪದ ಖಿನ್ನತೆಗೆ ರೂಢಿಯಂತೆ ಮೊದಲಿಗೇ ಮಾತ್ರೆ ಕೊಡಬೇಡಿ ಎಂದಿತು. ಅಲ್ಲಿ ಆಪ್ತಸಮಾಲೋಚನೆ, ವ್ಯಾಯಾಮ, ಮಾತಿನ ಚಿಕಿತ್ಸೆ ಮುಂದೆ ನಿಲ್ಲುತ್ತವೆ. ಬೇಕಿಲ್ಲದವರಿಗೆ ಕೊಡದಿರುವುದೂ ಸುರಕ್ಷತೆಯೇ.

ಎರಡನೆಯ ಆಕ್ಷೇಪ ಇನ್ನೂ ನೆಲಕ್ಕೆ ಹತ್ತಿರದ್ದು. ಮರುಭೇಟಿ, ಮರುಭೇಟಿ ಎನ್ನುತ್ತೀರಿ, ಡಾಕ್ಟರು ಎಲ್ಲಿದ್ದಾರೆ? ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಖಿನ್ನತೆಯಿರುವ ಸುಮಾರು ಶೇ 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಮನೋವೈದ್ಯರು ಲಕ್ಷ ಜನಕ್ಕೆ ಒಬ್ಬರೂ ಇಲ್ಲದ ದೇಶ ಇದು. ದೂರು ಸರಿಯೇ. ಆದರೆ ಇಂಥ ಕಾವಲಿಗೆ ಪ್ರತಿ ಸಲವೂ ಮನೋವೈದ್ಯರೇ ಬೇಕಿಲ್ಲ ಎಂಬುದನ್ನು ನಮ್ಮ ಬಳ್ಳಾರಿಯೇ 1980ರ ದಶಕದಲ್ಲಿ ತೋರಿಸಿಕೊಟ್ಟಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮತ್ತು ಸಿಬ್ಬಂದಿಗೆ ತರಬೇತಿ ಕೊಟ್ಟು ನಿಮ್ಹಾನ್ಸ್ ಅಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮನೋಚೈತನ್ಯ ಯೋಜನೆಯಡಿ ಮಂಗಳವಾರಗಳಂದು ಮನೋವೈದ್ಯರ ಸೇವೆಯನ್ನು ತಾಲ್ಲೂಕು ಆಸ್ಪತ್ರೆಗೆ ತಲುಪಿಸಲು ರಾಜ್ಯ ಹೊರಟಿತು. ಸೋಡಿಯಂ ಪರೀಕ್ಷೆ ಬರೆಯಲು, ನಿದ್ದೆ ಹೇಗಿದೆ ಎಂದು ಕೇಳಲು, ನೋವಿನ ಮಾತ್ರೆ ಬದಲಿಸಲು ಊರಿನ ಎಂಬಿಬಿಎಸ್ ವೈದ್ಯರು ಸಾಕು. ಇನ್ನು ಖಿನ್ನತೆ ನಿವಾರಕಗಳು ಷೆಡ್ಯೂಲ್ ಎಚ್ ಪಟ್ಟಿಯ ಔಷಧಗಳು, ಚೀಟಿಯಿಲ್ಲದೆ ಮಾರುವಂತಿಲ್ಲ. ಆ ನಿಯಮವನ್ನು ಅಂಗಡಿಗಳು ಪಾಲಿಸಿದರೆ ಹಳೆಯ ಚೀಟಿಯವರೂ ವರ್ಷಕ್ಕೆ ಒಂದೆರಡು ಸಲವಾದರೂ ವೈದ್ಯರ ಕಣ್ಣಿಗೆ ಬೀಳುತ್ತಾರೆ.

ನಿಮಗೋ ನಿಮ್ಮ ಮನೆಯವರಿಗೋ ಇಂಥ ಮಾತ್ರೆ ಬರೆದುಕೊಟ್ಟಿದ್ದರೆ ಚೀಟಿ ಮಡಚಿ ಏಳುವ ಮುನ್ನ ಮೂರು ಮಾತು ಕೇಳಿ: ಮುಂದಿನ ಭೇಟಿ ಎರಡು ವಾರದೊಳಗೆ ಆಗುತ್ತದೆಯೇ, ನಾನು ಈಗಾಗಲೇ ತೆಗೆದುಕೊಳ್ಳುತ್ತಿರುವ ಈ ಮಾತ್ರೆಗಳ ಜೊತೆ ಇದು ಹೊಂದುತ್ತದೆಯೇ, ಬಿಡುವ ಮಾತನ್ನು ಯಾವಾಗ ಆಡೋಣ. ಉತ್ತರಗಳನ್ನು ಚೀಟಿಯ ಹಿಂದೆ ಬರೆಸಿಕೊಳ್ಳಿ. ನಡುವೆ ಮನಸ್ಸು ತೀರಾ ಕುಸಿದರೆ, ಸಾವಿನ ಯೋಚನೆ ಬಂದರೆ, ಅಥವಾ ಮಾತ್ರೆಯ ಬಗ್ಗೆ ಗೊಂದಲವಾಗಿ ವೈದ್ಯರು ಸಿಗದಿದ್ದರೆ, 2022ರ ಅಕ್ಟೋಬರ್‌ನಿಂದ ಕೆಲಸ ಮಾಡುತ್ತಿರುವ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಕರೆ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.